ತಣ್ಣಗೆ ಮಾಡುವುದು ಬೇರೆ, ತಣ್ಣಗೆ ಇಡುವುದು ಬೇರೆ

ನಮ್ಮ ಮನೆಯವರ ಗುಂಪಿನಲ್ಲಿ ಪುಟ್ಟ ಒಂದು ಫಾರ್ವರ್ಡ್ ಹಾಕಿದ. ಇಷ್ಟು ದಿನ ಸಾದಾ ಲಾರಿ ಓಡಿಸುತ್ತಿದ್ದವನು, ಮುಂದಿನ ವಾರ ರೀಫರ್ ಗಾಡಿ, ಅಂದರೆ ಮಾಲನ್ನು ತಂಪಾಗಿ ಇಡುವ ಮಷಿನ್ ಇರುವ ಲಾರಿ, ಹತ್ತುತ್ತಾನೆ. ಆಮೇಲೆ ನಡೆದದ್ದು ಇದು. ನಡುನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ನಾನೇ ಕಿತ್ತು ಹಾಕಿದ್ದೇನೆ.

ಪುಟ್ಟ: (ಫಾರ್ವರ್ಡ್) ರೀಫರ್ ಡ್ರೈವರ್‌ಗಳಿಗೆ ಮೂರು ಗುಟ್ಟು! ಲೋಡ್ ಮಾಡುವಾಗ ಮಷಿನ್ ಆನ್ ಇರಲಿ, ತಂಪು ಹೋಗುವುದಿಲ್ಲ. ಮಾಲು ಬೆಚ್ಚಗಿದ್ದರೆ ಸೆಟ್ಟಿಂಗ್ ಐದು ಡಿಗ್ರಿ ಇಳಿಸಿ, ದಾರಿಯಲ್ಲಿ ತಾನೇ ತಣ್ಣಗಾಗುತ್ತದೆ. ಯಾವ ಮಾಲಿದ್ದರೂ ಮಷಿನ್ ತಾನೇ ನಿಂತು ತಾನೇ ಶುರುವಾಗುವ ಸ್ಟಾರ್ಟ್-ಸ್ಟಾಪ್‌ನಲ್ಲೇ ಓಡಿಸಿ, ಡೀಸೆಲ್ ಉಳಿಸಿ. ಎಲ್ಲರಿಗೂ ಕಳಿಸಿ!

ಮಾವ: ಚೆನ್ನಾಗಿದೆ. ಇಷ್ಟೇ ಕಣೋ ರೀಫರ್ ಅಂದ್ರೆ. ಹಿಂದೆ ಒಂದು ಫ್ರಿಜ್ ಇದೆ ಅಂದ್ಕೊಂಡು ಓಡಿಸು.

ನಾನು: ಫ್ರಿಜ್ ಅಂದುಕೊಂಡರೆ ಕೆಟ್ಟ ಹಾಗೇ ಮಾವ. ಪುಟ್ಟ, ಮೊದಲ ಎರಡೂ ತಪ್ಪು. ಮೂರನೆಯದು ಅರ್ಧ ತಪ್ಪು.

ಮಾವ: ಮೂವತ್ತು ವರ್ಷ ಲಾರಿ ಓಡಿಸಿದವನಿಗೆ ಪಾಠ ಶುರುವಾಯಿತು.

ನಾನು: ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದ್ದೇ ನೀವು. ಅದರಲ್ಲಿ ವಾದವೇ ಇಲ್ಲ. ಆದರೆ ಆ ಮಷಿನ್ ಇರುವುದು ಮಾಲನ್ನು ತಣ್ಣಗೆ ಮಾಡುವುದಕ್ಕಲ್ಲ, ತಣ್ಣಗೆ ಬಂದದ್ದನ್ನು ಹಾಗೇ ಇಡುವುದಕ್ಕೆ. ಬೆಚ್ಚಗಿನ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಪೇರಿಸಿದರೆ ಗಾಳಿ ಸುತ್ತ ಓಡಾಡುತ್ತದೆ ಅಷ್ಟೇ, ನಡುವಿನ ಪೆಟ್ಟಿಗೆಯ ಹೊಟ್ಟೆಗೆ ಹೋಗುವುದಿಲ್ಲ.

ಪುಟ್ಟ: ಐದು ಡಿಗ್ರಿ ಇಳಿಸಿದರೂ ಆಗಲ್ವಾ ಅಣ್ಣ?

ನಾನು: ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಮೊದಲ ವರ್ಷ, ಲೆಟ್ಯೂಸ್ ಲೋಡು. ಮಾಲಿನ ಬಿಲ್‌ನಲ್ಲಿ 1 ಡಿಗ್ರಿ ಇರಬೇಕು ಅಂತ ಇತ್ತು. ಪೆಟ್ಟಿಗೆ ಮುಟ್ಟಿದರೆ ಬೆಚ್ಚಗೆ. ಆದರೂ ಸಹಿ ಹಾಕಿ, ಸೆಟ್ಟಿಂಗ್ ಸೊನ್ನೆಗಿಂತ ಕೆಳಗೆ ಇಳಿಸಿ ಹೊರಟೆ. ಇಳಿಸುವ ಜಾಗದಲ್ಲಿ ಬಾಗಿಲು ತೆಗೆದರೆ ಬಾಗಿಲ ಹತ್ತಿರದವು ಬಾಡಿದ್ದವು. ಮಷಿನ್ ಪಕ್ಕದಲ್ಲಿ, ಗಾಳಿ ನೇರ ಹೊಡೆಯುವ ಕಡೆ, ಎಲೆಗಳು ಗಾಜಿನ ಹಾಗೆ ಆಗಿದ್ದವು. ಬೆರಳಲ್ಲಿ ಒತ್ತಿದರೆ ನೀರು. ಒಂದೇ ಗಾಡಿಯಲ್ಲಿ ಅರ್ಧ ಬಾಡಿದ್ದು, ಅರ್ಧ ಹೆಪ್ಪುಗಟ್ಟಿದ್ದು. ಪೂರ್ತಿ ಲೋಡು ವಾಪಸ್.

ಮಾವ: ತಪ್ಪು ಬೆಚ್ಚಗೆ ಕೊಟ್ಟವನದು. ನಿನ್ನದೇನು?

ಅಕ್ಕ: ಸಹಿ ಇವನದಲ್ವಾ ಮಾವ! ನಾನು ಕೋಲ್ಡ್ ಸ್ಟೋರೇಜ್‌ನಲ್ಲಿ ಮಾಲು ಇಳಿಸಿಕೊಳ್ಳುವವಳು. ನಾವು ಗಾಡಿಯ ಡಿಸ್‌ಪ್ಲೇ ನಂಬುವುದಿಲ್ಲ, ಅದು ತೋರಿಸುವುದು ಗಾಳಿ ಎಷ್ಟು ತಣ್ಣಗಿದೆ ಅಂತ, ಮಾಲು ಎಷ್ಟು ಅಂತಲ್ಲ. ಕಡ್ಡಿ ಥರ್ಮಾಮೀಟರ್ ತಗೊಂಡು ಮುಂದೆ, ನಡುವೆ, ಹಿಂದೆ ಚುಚ್ಚಿ ನೋಡುತ್ತೇವೆ. ಪುಟ್ಟ, ಆ ಕಡ್ಡಿ ನಿನ್ನ ಹತ್ತಿರವೂ ಇರಲಿ. ಲೋಡ್ ಆಗುವಾಗಲೇ ಚುಚ್ಚಿ, ಬಂದ ಅಂಕೆಯನ್ನು ಬಿಲ್ ಮೇಲೆ ಬರೆ.

ಅಕ್ಕ: ಇನ್ನೊಂದು. ರಾತ್ರಿ ಮಷಿನ್ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡುವ ಜಾಣರಿದ್ದಾರೆ. ಮಷಿನ್ ಒಳಗೆ ಎಲ್ಲ ರೆಕಾರ್ಡ್ ಆಗಿರುತ್ತದೆ. ಅದನ್ನು ತೆಗೆದರೆ ಬಂಡವಾಳ ಬಯಲು.

ಮಾವ: ಸರಿ, ಲೋಡ್ ಮಾಡುವಾಗ ಆಫ್ ಮಾಡಿದರೆ ಇದ್ದ ತಂಪೂ ಹೋಗುತ್ತಲ್ಲ?

ನಾನು: ಬಾಗಿಲು ತೆಗೆದಿದ್ದಾಗ ಆನ್ ಇದ್ದರೆ ಫ್ಯಾನು ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆಯುತ್ತದೆ. ಆ ತೇವ ಕಾಯಿಲ್ ಮೇಲೆ, ಅಂದರೆ ಮಷಿನ್ ಒಳಗಿನ ತಣ್ಣನೆಯ ಕೊಳವೆ ಸುರುಳಿ ಮೇಲೆ, ಮಂಜಾಗಿ ಕೂರುತ್ತದೆ. ಮಂಜು ದಪ್ಪವಾದರೆ ಗಾಳಿಯೇ ಹಾಯುವುದಿಲ್ಲ. ಬಾಗಿಲು ಮುಚ್ಚಿ, ಖಾಲಿ ಗಾಡಿಯನ್ನೇ ಮೊದಲು ತಣ್ಣಗೆ ಮಾಡಿಕೋ. ಲೋಡ್ ಮಾಡುವಾಗ ಆಫ್. ಬಾಗಿಲು ಹಾಕಿದ ಮೇಲೆ ಆನ್.

ಅಕ್ಕ: ನಮ್ಮಲ್ಲಿ ಡಾಕ್‌ಗೆ (ಮಾಲು ಇಳಿಸುವ ಕಟ್ಟೆಯ ಬಾಗಿಲಿಗೆ) ಗಾಡಿ ಒತ್ತಿ ನಿಂತರೆ ಹೊರಗಿನ ಗಾಳಿ ನುಗ್ಗುವುದಿಲ್ಲ, ಆಚೆ ಕೋಲ್ಡ್ ರೂಮೇ ಇರುತ್ತದೆ. ಅಲ್ಲಿ ಅಷ್ಟು ತೊಂದರೆ ಇಲ್ಲ.

ನಾನು: ಒಪ್ಪಿದೆ. ಬಯಲಲ್ಲಿ ನಿಲ್ಲಿಸಿ ತುಂಬುವ ಕಡೆ ಮಾತ್ರ ಬೇಡವೇ ಬೇಡ.

ಪುಟ್ಟ: ಸ್ಟಾರ್ಟ್-ಸ್ಟಾಪ್?

ನಾನು: ಗಟ್ಟಿಯಾಗಿ ಹೆಪ್ಪುಗಟ್ಟಿದ ಮಾಲಿಗೆ, ಅಂದರೆ ಮೈನಸ್ 18ರದ್ದಕ್ಕೆ, ಸಾಮಾನ್ಯವಾಗಿ ನಡೆಯುತ್ತದೆ. ಮಾಲಿನವರು ಬೇಡ ಅಂದಿದ್ದರೆ ಅದಕ್ಕೂ ಬೇಡ. ಹಣ್ಣು ತರಕಾರಿಗೆ ಮಷಿನ್ ನಿಲ್ಲಿಸದೆ ಓಡಿಸಬೇಕು. ಅವು ಉಸಿರಾಡುತ್ತವೆ, ಬಿಸಿ ಬಿಡುತ್ತವೆ.

ಮಾವ: ಕಿತ್ತ ಮೇಲೂ ಉಸಿರಾಟವಾ? ಸುಮ್ನೆ ಹೇಳಬೇಡ.

ಅಕ್ಕ: ನಿಜ ಮಾವ. ಕಿತ್ತ ಮೇಲೂ ಅವಕ್ಕೆ ಜೀವ ಇರುತ್ತದೆ, ಅದಕ್ಕೇ ಜಾಸ್ತಿ ತಂಪೂ ತಡೆಯದವು ಇವೆ. ಬಾಳೆಹಣ್ಣನ್ನು 13, 14 ಡಿಗ್ರಿಯಲ್ಲಿ ತರುತ್ತಾರೆ. ಜಾಸ್ತಿ ತಂಪಾದರೆ ಸಿಪ್ಪೆ ಮಂಕಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದೂ ಇಲ್ಲ. ಎಷ್ಟು ತಂಪಾದರೆ ಅಷ್ಟು ಒಳ್ಳೆಯದು ಅನ್ನುವುದೇ ಸುಳ್ಳು.

ನಾನು: ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತಲೂ ಕೇಳು ಪುಟ್ಟ. ಫ್ಯಾರನ್‌ಹೀಟ್‌ನ 0 ಅಂದರೆ ಸೆಲ್ಸಿಯಸ್‌ನ ಮೈನಸ್ 18. ಬಿಲ್‌ನಲ್ಲಿ ಮೈನಸ್ ಗೆರೆ ಬಿಟ್ಟುಹೋಗುವುದೂ ಉಂಟು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಬರೆಸಿಕೋ. ಮತ್ತೆ ಒಳಗೋಡೆಯ ಕೆಂಪು ಗೆರೆ ದಾಟಿ ಪೆಟ್ಟಿಗೆ ಪೇರಿಸಲು ಬಿಡಬೇಡ. ಗಾಳಿ ಹೋಗುವ ದಾರಿಯೇ ಅದು.

ಮಾವ: ಇಷ್ಟು ಹೇಳಿದಿರಲ್ಲ, ಕಾಯುವುದನ್ನು ಯಾರಾದರೂ ಹೇಳಿದಿರಾ? ನನ್ನ ಗೆಳೆಯ ರೀಫರ್ ಬಿಟ್ಟಿದ್ದೇ ಅದಕ್ಕೆ. ರಾತ್ರಿ ಎರಡಕ್ಕೆ ಬಾ ಅಂತಾರೆ, ಬೆಳಿಗ್ಗೆ ಎಂಟಾದರೂ ಇಳಿಸುವುದಿಲ್ಲ. ತಲೆ ಹಿಂದೆ ಆ ಮಷಿನ್ ಗುರ್ ಅಂತಿರುತ್ತದೆ, ನಿದ್ದೆ ಎಲ್ಲಿ? ಅದರ ಡೀಸೆಲ್ ಟ್ಯಾಂಕೇ ಬೇರೆ. ಲಾರಿ ಟ್ಯಾಂಕ್ ನೋಡಿಕೊಂಡು ಕೂತು ಅದನ್ನು ಮರೆತರೆ ಮುಗಿಯಿತು.

ನಾನು: ಇದು ನಾನೇ ಮೊದಲು ಹೇಳಬೇಕಿತ್ತು. ಮರೆತೆ.

ಮಾವ: ಮೂವತ್ತು ವರ್ಷ.

(ಎಂಟು ದಿನ ಗುಂಪು ತಣ್ಣಗಿತ್ತು. ಒಂಬತ್ತನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ಒಂದು ಫೋಟೋ. ಪೆಟ್ಟಿಗೆಯಲ್ಲಿ ಚುಚ್ಚಿದ ಕಡ್ಡಿ, ಅದರ ಮೇಲೆ 7.4.)

ಪುಟ್ಟ: ಬಿಲ್‌ನಲ್ಲಿ 2 ಇದೆ. ದಾರಿಯಲ್ಲಿ ಸರಿಹೋಗುತ್ತೆ, ಸಹಿ ಹಾಕು ಅಂತಿದ್ದಾರೆ. ಯಾರಾದರೂ ಎದ್ದಿದ್ದೀರಾ?

ಮಾವ: ಹಾಕಬೇಡ. ನಿಮ್ಮ ಆಫೀಸಿಗೆ ಫೋನ್ ಮಾಡು. ಹಿಂದಿನ ಪೆಟ್ಟಿಗೆಗೂ ಚುಚ್ಚಿ ಇನ್ನೊಂದು ಫೋಟೋ ತೆಗಿ.