ಲೇಯರ್, ಪಾಲಿಗನ್, ಬಫರ್: ಇವತ್ತು ರಾತ್ರಿಯೊಳಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಲೇಯರ್, ಪಾಲಿಗನ್, ಬಫರ್ ಎಂಬ ನಕ್ಷೆಯ ಮೂರು ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಏನೆನ್ನಬಹುದು ಎಂದು ಮೊನ್ನೆ ಕೇಳಿದ್ದೆ. ಬಂದ ಉತ್ತರಗಳಿಗೆಲ್ಲ ಒಟ್ಟಿಗೇ ಬರೆಯುತ್ತಿದ್ದೇನೆ. ಕೈಪಿಡಿ ನಾಳೆ ಬೆಳಿಗ್ಗೆ ಕಲಬುರಗಿಯಲ್ಲಿ ಪ್ರಿಂಟಿಗೆ ಹೋಗಬೇಕು. ಸೋಮವಾರ ತರಬೇತಿ. ಬರುವವರು ಗಸ್ತು ಅರಣ್ಯ ಪಾಲಕರು, ಚಿಂಚೋಳಿ ಕಡೆಯವರೇ ಜಾಸ್ತಿ. ಕಲಿಸುವುದು ಕ್ಯೂಜಿಐಎಸ್, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಾಂಶ. 2002ರಲ್ಲಿ ಶುರುವಾದದ್ದು, ಯಾರು ಬೇಕಾದರೂ ದುಡ್ಡಿಲ್ಲದೆ ಹಾಕಿಕೊಳ್ಳಬಹುದು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಮೆನು ಇಂಗ್ಲಿಷಿನಲ್ಲಿದೆ. ಪಕ್ಕದ ವಿವರಣೆ ಕನ್ನಡದಲ್ಲಿರಬೇಕು.

ಮೊದಲು ಲೇಯರ್, ಅಂದರೆ ನಕ್ಷೆಯಲ್ಲಿ ಒಂದೊಂದು ಬಗೆಯ ಮಾಹಿತಿ ಇರುವ ಒಂದೊಂದು ಹಾಳೆ. ‘ಪದರ’ ಮರಾಠಿಯಿಂದ ಬಂದದ್ದು, ‘ಪೊರೆ’ಯೇ ಅಚ್ಚಗನ್ನಡ, ಅದನ್ನೇ ಹಾಕಿ ಎಂದು ಒಬ್ಬರು ಬರೆದಿದ್ದಾರೆ. ಒಪ್ಪಲಾರೆ. ಪೊರೆ ಎಂದರೆ ಹಾವು ಬಿಡುವುದು, ಇಲ್ಲವೇ ಕಣ್ಣಿಗೆ ಬರುವುದು. ಎರಡೂ ಮೈಗೆ ಅಂಟಿಕೊಂಡಿರುವಂಥವು. ನಕ್ಷೆಯ ಲೇಯರ್ ಹಾಗಲ್ಲ. ಎತ್ತಿ ಇನ್ನೊಂದರ ಮೇಲೆ ಇಡಬಹುದು, ಬೇಡವಾದಾಗ ಮರೆಮಾಡಬಹುದು. ‘ಸ್ತರ’ವೂ ಬೇಡ. ರಾಜ್ಯ ಸ್ತರ, ಜಿಲ್ಲಾ ಸ್ತರ ಎಂದು ಓದಿದವರಿಗೆ ಅದು ಮಟ್ಟ. ಪದರ ಎಂದರೆ ನಮ್ಮ ಕಡೆ ಸೆರಗೂ ಹೌದು, ಚಪಾತಿಯೊಳಗಿನ ಮಡಿಕೆಯೂ ಹೌದು. ಒಂದರ ಮೇಲೊಂದು ಕೂರುವ, ಬಿಡಿಸಿ ನೋಡಬಹುದಾದ ವಸ್ತು. ಇದಕ್ಕಿಂತ ಹತ್ತಿರದ ಪದ ಎಲ್ಲಿ ಸಿಗುತ್ತದೆ?

ಇದನ್ನು ನಾನು ಕೂತು ಯೋಚಿಸಿ ಹೇಳುತ್ತಿಲ್ಲ. ಹೋದ ವಾರ ನಾಲ್ಕು ಜನರನ್ನು ಕೂರಿಸಿ ಒಂದು ಸಲ ಮಾಡಿ ನೋಡಿದೆವು. ಬೀಟ್‌ನ, ಅಂದರೆ ಒಬ್ಬರು ಗಸ್ತು ತಿರುಗುವ ಕಾಡಿನ ಭಾಗದ, ಗೆರೆ ತೆರೆದೆವು, ನಾಲಾ ತೆರೆದೆವು, ಆಮೇಲೆ ಉಪಗ್ರಹದ ಚಿತ್ರ ತಂದೆವು. ಅದು ಎಲ್ಲಕ್ಕಿಂತ ಮೇಲೆ ಬಂದು ಕೂತಿತು, ಗೆರೆಗಳೆಲ್ಲ ಮಾಯವಾದವು. ನಾನು ‘ಲೇಯರ್ ಆರ್ಡರ್’ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಕುರ್ಚಿಯಲ್ಲಿದ್ದವರು ಹೇಳಿದರು: “ಸರ್, ನಮ್ಮ ಬೀಟ್ ಅದರ ಬುಡಕ ಅದರಿ. ಮ್ಯಾಲಿನ ಪದರ ಕೆಳಗ ಹಾಕ್ರಿ.” ಆ ಪದ ನಾನು ಹೇಳಿಕೊಟ್ಟದ್ದಲ್ಲ. ಪಾಠದ ಅರ್ಧ ಭಾಗ ಆ ಒಂದು ಮಾತಿನಲ್ಲೇ ಮುಗಿಯಿತು. ಹಾಗಾಗಿ ಪದರ ಗಟ್ಟಿ. ಅದರ ಚರ್ಚೆ ಇಲ್ಲಿಗೆ ಸಾಕು.

ಪಾಲಿಗನ್ ವಿಷಯ ಬೇರೆ. ‘ಬಹುಭುಜ’ ಶಾಲೆಯ ಗಣಿತದಲ್ಲಿದೆ, ತಪ್ಪೇನಿಲ್ಲ. ಆದರೆ ಅದನ್ನು ಕೇಳಿದ ಕೂಡಲೇ ಜನ ಭುಜ ಎಣಿಸಲು ಶುರು ಮಾಡುತ್ತಾರೆ. ನೆಡುತೋಪಿನ ಸುತ್ತ ಫೋನ್ ಹಿಡಿದು ನಡೆದು, ಹೊರಟ ಕಲ್ಲಿಗೇ ವಾಪಸ್ ಬಂದರೆ ಅದು ಪಾಲಿಗನ್. ಎಷ್ಟು ಬದಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಸುತ್ತು ಮುಚ್ಚಿದೆಯೇ, ಒಳಗೆ ಎಷ್ಟು ಹೆಕ್ಟೇರ್ ಇದೆ, ಅದು ಮುಖ್ಯ. ಅದಕ್ಕೇ ಅಂಚಿಗೆ ‘ಸರಹದ್ದು’, ಒಳಗಿನದೂ ಸೇರಿದ ಇಡೀ ಆಕಾರಕ್ಕೆ ‘ಆವರಣ’ ಎಂದು ಬರೆದಿದ್ದೇನೆ. ಆವರಣಕ್ಕಿಂತ ಒಳ್ಳೆಯದು ಇದ್ದರೆ ಹೇಳಿ, ಬದಲಿಸುತ್ತೇನೆ.

ಸರಹದ್ದು ಫಾರಸಿ, ಕಿತ್ತುಹಾಕಿ, ‘ಗಡಿ’ ಎನ್ನಿ ಎಂದು ಇಬ್ಬರು ಬರೆದಿದ್ದಾರೆ. ಗಡಿ ಎಂದರೆ ಚಿಂಚೋಳಿಯಲ್ಲಿ ತೆಲಂಗಾಣದ ಗಡಿ, ಬೀದರಿನಲ್ಲಿ ಮಹಾರಾಷ್ಟ್ರದ್ದೂ ಸೇರಿತು. ಚಿಂಚೋಳಿ ವನ್ಯಜೀವಿ ಧಾಮದ ನಕ್ಷೆಯಲ್ಲಿ ರಾಜ್ಯದ ಗಡಿಯೂ ಇರುತ್ತದೆ, ಕಾಡಿನ ಅಂಚೂ ಇರುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಯಾವ ಗೆರೆಯ ಮೇಲೆ ನಡೆಯಬೇಕು? ‘ಎಲ್ಲೆ’ ಚೆಂದದ ಪದ, ಬೇರೆ ಕಡೆ ನಾನೂ ಬಳಸುತ್ತೇನೆ. ಆದರೆ ಇವರ ಕೈಗೆ ಬರುವ ಸರ್ವೆ ಕಾಗದಗಳಲ್ಲಿ ಇರುವುದು ಸರಹದ್ದು, ಹದ್ದುಬಸ್ತು. ಬರೀ ‘ಹದ್ದು’ ಎಂದು ಮೊಟಕು ಮಾಡುವ ಸಲಹೆಯಂತೂ ಸಾಧ್ಯವೇ ಇಲ್ಲ. ಅರಣ್ಯ ಇಲಾಖೆಯ ಕೈಪಿಡಿಯಲ್ಲಿ ‘ಹದ್ದು ಗುರುತಿಸಿ’ ಎಂದು ಬರೆದರೆ ಓದಿದವರು ಮೇಲೆ ಆಕಾಶ ನೋಡುತ್ತಾರೆ.

ಇನ್ನು ಪರಭಾಷೆಯ ಪದವೇ ಬೇಡ ಎನ್ನುವವರಿಗೆ ಒಂದು ಮಾತು. ನಿಮ್ಮ ಪತ್ರಗಳಲ್ಲೇ ಹತ್ತು ಸಲ ‘ನಕ್ಷೆ’ ಎಂದು ಬರೆದಿದ್ದೀರಿ. ಅದರಲ್ಲಿ ಕ್ಷ ಇದೆ ಎಂದು ಸಂಸ್ಕೃತ ಎಂದುಕೊಳ್ಳಬೇಡಿ, ಅದು ಅರಬ್ಬಿಯ ನಕ್ಷ್. ನಕಾಶೆಯೂ ಅಲ್ಲಿಂದಲೇ ಬಂತು. ಜಮೀನು ಫಾರಸಿ, ಖರಾಬು ಅರಬ್ಬಿ. ಈ ಸೀಮೆ 1948ರವರೆಗೆ ನಿಜಾಮರ ಕೈಯಲ್ಲಿತ್ತು, ಜಮೀನಿನ ಹಳೇ ಕಾಗದ ಉರ್ದುವಿನಲ್ಲಿದೆ. ಅಕ್ಷರ ಬಾರದ ನಮ್ಮ ಅಜ್ಜಂದಿರೂ ಈ ಪದಗಳಿಂದಲೇ ಹೊಲ ಉಳಿಸಿಕೊಂಡರು. ಇವು ಕನ್ನಡ ಅಲ್ಲ ಎಂದರೆ ನಮ್ಮ ಮನೆಯ ಮಾತು ಕನ್ನಡ ಅಲ್ಲ ಎಂದ ಹಾಗೆ. ಅದನ್ನು ಕೇಳಿಸಿಕೊಂಡು ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ.

ಈಗ ಬಫರ್. ನಿಜವಾಗಿ ಕಷ್ಟ ಇರುವುದು ಇಲ್ಲಿ, ಇದಕ್ಕೇ ಉತ್ತರ ಕಡಿಮೆ ಬಂದಿದೆ.

ನಾಲಾದ ಎರಡೂ ಕಡೆ 50 ಮೀಟರ್ ಜಾಗ ಬೇರೆ ಮಾಡಿ ತೋರಿಸಬೇಕು ಎಂದುಕೊಳ್ಳಿ. ತಂತ್ರಾಂಶ ಆ ನಾಲಾದ ಗೆರೆ ಹಿಡಿದು ಸುತ್ತ ಒಂದು ಪಟ್ಟೆ ಎಳೆದು ಕೊಡುತ್ತದೆ. ಅದೇ ಬಫರ್. ಇದಕ್ಕೆ ‘ರಕ್ಷಾವಲಯ’, ‘ಸುತ್ತುವಲಯ’ ಎಂದು ಎರಡು ಸಲಹೆ ಬಂದಿವೆ. ವಲಯ ಸಾಧ್ಯವಿಲ್ಲ. ಇಲಾಖೆಯಲ್ಲಿ ವಲಯ ಎಂದರೆ ರೇಂಜ್. ಇವರ ಮೇಲಧಿಕಾರಿಯೇ ವಲಯ ಅರಣ್ಯಾಧಿಕಾರಿ. ಜೊತೆಗೆ ಅದೇ ಪುಟದಲ್ಲಿ ಯುಟಿಎಂ ಝೋನ್ ಕೂಡ ಬರುತ್ತದೆ, ಅಂದರೆ ಮೀಟರಿನಲ್ಲಿ ಅಳೆಯಲು ಭೂಮಿಯನ್ನು ಉದ್ದುದ್ದ ಹೋಳು ಮಾಡಿದ್ದರಲ್ಲಿ ಒಂದು ಹೋಳು. ಕಲಬುರಗಿ, ಬೀದರ್, ಯಾದಗಿರಿ ಮೂರೂ 43ನೇ ಉತ್ತರ ಝೋನಿನಲ್ಲಿವೆ. ಅದನ್ನೂ ವಲಯ ಎಂದು ಬರೆದರೆ ಒಂದೇ ಪುಟದಲ್ಲಿ ಮೂರು ವಲಯ.

ಆ ಝೋನ್ ಬಿಟ್ಟುಬಿಡಿ ಎಂದೂ ಒಬ್ಬರು ಹೇಳಿದ್ದಾರೆ. ಬಿಡಲು ಬರುವುದಿಲ್ಲ. ಫೋನಿನಿಂದ ಬಂದ ಬಿಂದುಗಳು ಡಿಗ್ರಿಯಲ್ಲಿರುತ್ತವೆ. ಅವನ್ನು ಹಾಗೆಯೇ ಇಟ್ಟು ಬಫರ್‌ನಲ್ಲಿ 50 ಎಂದು ಹಾಕಿದರೆ ಅದು 50 ಮೀಟರ್ ಅಲ್ಲ, 50 ಡಿಗ್ರಿ. ಉತ್ತರ ದಕ್ಷಿಣಕ್ಕೆ ಒಂದು ಡಿಗ್ರಿಯೇ ಸುಮಾರು 111 ಕಿಲೋಮೀಟರ್. ನಮ್ಮ ಪ್ರಯೋಗದ ದಿನ ಹೀಗೇ ಆಗಿ ಪರದೆ ತುಂಬ ಒಂದೇ ಬಣ್ಣ ಬಂತು, ಹುಡುಗರು ಕಂಪ್ಯೂಟರ್ ಕೆಟ್ಟಿತು ಎಂದು ಹೆದರಿದರು. ಪದರವನ್ನು ಮೊದಲು 32643 ಎಂಬ ಸಂಕೇತ ಸಂಖ್ಯೆಗೆ, ಅಂದರೆ ನಮ್ಮ ಝೋನಿನ ಮೀಟರ್ ಅಳತೆಗೆ, ಬದಲಿಸಿ ಉಳಿಸಿಕೊಳ್ಳಬೇಕು. ಆಮೇಲೆ 50 ಎಂದರೆ 50 ಮೀಟರ್. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ, ಝೋನ್ ಅನ್ನು ಝೋನ್ ಎಂದೇ ಬಿಟ್ಟಿದ್ದೇನೆ.

ಬಫರ್ ಅನ್ನೂ ಹಾಗೆಯೇ ಬಿಡಬಹುದಿತ್ತು. ಆದರೆ ಇವರಿಗೆ ಬಫರ್ ಎಂದರೆ ಹುಲಿ ಕಾಡಿನ ಒಳಭಾಗವಾದ ಕೋರ್ ಮತ್ತು ಅದರ ಸುತ್ತಲಿನ ಬಫರ್. ಅದು ಕಾನೂನಿನ ಮಾತು, ಇದು ಬರೀ ಅಳತೆ. ‘ನಾಲಾಕ್ಕೆ ಬಫರ್ ಹಾಕಿ’ ಎಂದರೆ ಅಲ್ಲಿ ದನ ಬಿಡಬಾರದಾ ಎಂದು ಕೇಳುತ್ತಾರೆ, ಕೇಳಿದರು ಕೂಡ. ‘ಅಂಚುಪಟ್ಟಿ’ ಯೋಚಿಸಿದೆ. ಮಾಹಿತಿಯ ಕೋಷ್ಟಕವನ್ನು ಆಗಲೇ ‘ಪಟ್ಟಿ’ ಎಂದು ಕರೆದಾಗಿದೆ, ಗೊಂದಲ ಆಗುತ್ತದೆ. ‘ಅಂಚುಪಟ್ಟೆ’ ಎಂದರೆ ಹೇಗೆ? ಪಟ್ಟೆ ಎಂದರೆ ಹುಲಿಯ ಮೈಮೇಲಿನದು, ಬಟ್ಟೆಯ ಮೇಲಿನದು, ಕಣ್ಣಿಗೆ ಕಾಣುವಂಥದ್ದು. ‘ನಾಲಾದ ಎರಡೂ ಕಡೆ 50 ಮೀಟರ್ ಅಂಚುಪಟ್ಟೆ ಎಳೆಯಿರಿ’ ಎಂದು ಜೋರಾಗಿ ಓದಿ ನೋಡಿ. ನನ್ನ ಕಿವಿಗೆ ಸರಿ ಅನಿಸುತ್ತದೆ. ನೀರಿನ ಗುಂಡಿಯಂಥ ಒಂದೇ ಬಿಂದುವಿನ ಸುತ್ತ ಎಳೆದರೆ ಬರುವುದು ದುಂಡಗಿನ ಆಕಾರ. ಅದನ್ನೂ ಪಟ್ಟೆ ಎನ್ನಬಹುದಾ ಎಂಬುದೊಂದೇ ಅನುಮಾನ.

ಅದಕ್ಕೆ ಮಾತ್ರ ಉತ್ತರ ಬೇಕು. ರಾತ್ರಿ ಹತ್ತರವರೆಗೆ ಫೈಲ್ ತೆರೆದಿಟ್ಟಿರುತ್ತೇನೆ.