ಮೆಸೇಜ್ ಬಂದ ಶಬ್ದಕ್ಕೇ ಎದೆ ಢವಢವ: ಇದು ಬರೀ ಟೆನ್ಶನ್ನಾ, ಕಾಯಿಲೆನಾ?

ನಿದ್ದೆಗೇಡಿ

ಎಲ್ಲರಿಗೂ ನಮಸ್ಕಾರ. ಇದನ್ನು ಎರಡು ಸಲ ಬರೆದು ಅಳಿಸಿದ್ದೇನೆ. ಈ ಸಲ ತಿದ್ದದೆ ಹಾಗೇ ಹಾಕ್ತಿದ್ದೇನೆ, ಉದ್ದ ಆದರೆ ಬೈಕೋಬೇಡಿ.

ನನಗೆ 34 ವರ್ಷ, ಲೆಕ್ಕಪತ್ರ ನೋಡುವ ಕೆಲಸ. ಕಳೆದ ವಾರ ಸಂಜೆ ಆರೂವರೆಗೆ ಮ್ಯಾನೇಜರ್ ಒಂದು ಮೆಸೇಜ್ ಹಾಕಿದರು. "ನಾಳೆ ಬಂದಾಗ ಒಂದೈದು ನಿಮಿಷ ಸಿಗಿ, ಮಾತಾಡಬೇಕಿತ್ತು." ಅಷ್ಟೇ. ಓದಿದ ಕೂಡಲೇ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು, ಕೈ ತಣ್ಣಗಾಯಿತು, ಆಮೇಲೆ ರಾತ್ರಿ ಹತ್ತರವರೆಗೂ ಮೂರು ತಿಂಗಳ ಹಿಂದಿನ ಮೇಲ್‌ಗಳನ್ನೆಲ್ಲಾ ತೆಗೆದು ಎಲ್ಲಿ ಎಡವಿದ್ದೇನೆ ಅಂತ ಹುಡುಕುತ್ತಾ ಕೂತೆ. ಒಂದು ತಪ್ಪೂ ಸಿಗಲಿಲ್ಲ. ಸಿಗದೇ ಇದ್ದಿದ್ದಕ್ಕೆ ಇನ್ನೂ ಭಯವಾಯಿತು! ಬೆಳಗಿನ ಜಾವ ನಾಲ್ಕರವರೆಗೂ ನಿದ್ದೆ ಇಲ್ಲ. ಮಾರನೇ ದಿನ ಹೋಗಿ ನೋಡಿದರೆ ಅವರಿಗೆ ಬೇಕಾಗಿದ್ದು ನನ್ನ ರಜೆಯ ತಾರೀಖು. ನಗು ಬರಬೇಕಿತ್ತು, ಬರಲಿಲ್ಲ. ಅರ್ಧ ಗಂಟೆ ಹಗುರ ಅನ್ನಿಸಿತು, ಅಷ್ಟರಲ್ಲೇ ಇನ್ನೊಂದು ಹುಳ ಹೊಕ್ಕಿತು: ಈಗ ರಜೆ ಲೆಕ್ಕ ಯಾಕೆ ಕೇಳಿದರು?

ಒಂದು ವರ್ಷದಿಂದ ಹೀಗೇ ನಡೀತಿದೆ. ಕಳಿಸಿದ ಮೇಲನ್ನು ನಾಲ್ಕೈದು ಸಲ ತೆಗೆದು ಓದುತ್ತೇನೆ. ಮನೆಯವರು ಫೋನ್ ಎತ್ತದಿದ್ದರೆ ತಲೆ ನೇರವಾಗಿ ಆಕ್ಸಿಡೆಂಟಿಗೇ ಹೋಗಿ ನಿಲ್ಲುತ್ತೆ. ಕುತ್ತಿಗೆ, ಹೆಗಲು ಯಾವಾಗಲೂ ಬಿಗಿ. ಎದೆ ಹೊಡೆದುಕೊಳ್ಳುತ್ತೆ ಅಂತ ಡಾಕ್ಟರ್ ಹತ್ತಿರ ಹೋದೆ. ಇಸಿಜಿ ನಾರ್ಮಲ್, "ಏನೂ ಇಲ್ಲ, ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ" ಅಂದರು. ಹೇಗೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದು ನನ್ನ ಸ್ವಭಾವವಾ ಅಥವಾ ಜನ ಆಂಗ್ಸೈಟಿ ಅಂತಾರಲ್ಲ, ಅದಾ? ಅದೇ ಆಗಿದ್ದರೆ ದಿನನಿತ್ಯ ಏನು ಮಾಡ್ತೀರಿ?

ಖಾಲಿ ಕುರ್ಚಿ

ಇದೆಲ್ಲಾ ಎಲ್ಲರಿಗೂ ಇರುತ್ತೆ ಬಿಡಿ. ಜಾಸ್ತಿ ಯೋಚನೆ ಮಾಡಬೇಡಿ, ಕೆಲಸದಲ್ಲಿ ಬಿಜಿ ಆಗಿರಿ, ತಾನಾಗೇ ಹೋಗುತ್ತೆ.

ಹಳೇ ಪೆನ್ನು

ಖಾಲಿ ಕುರ್ಚಿಯವರೇ, ಬೇಜಾರು ಮಾಡ್ಕೋಬೇಡಿ. ಯೋಚನೆ ಮಾಡಬೇಡಿ ಅನ್ನೋದು ಕೆಲಸಕ್ಕೆ ಬರಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಜನರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಸಿಕೊಳ್ಳಬೇಡಿ, ನೆನಪು ಬಂದಾಗೆಲ್ಲಾ ಗಂಟೆ ಬಾರಿಸಿ ಅಂದಿದ್ದರು. ಗಂಟೆ ಬಾರಿಸುತ್ತಲೇ ಇತ್ತು. ಬಿಜಿ ಆಗಿರೋದೂ ಅಷ್ಟೇ. ನಾನು ಎರಡು ವರ್ಷ ಹಗಲೆಲ್ಲಾ ಬಿಜಿ ಇದ್ದೆ, ದಿಂಬಿಗೆ ತಲೆ ಕೊಟ್ಟ ಕೂಡಲೇ ಎಲ್ಲಾ ಬಾಕಿ ಒಟ್ಟಿಗೆ ವಸೂಲಿಗೆ ಬರುತ್ತಿತ್ತು.

ನಿದ್ದೆಗೇಡಿಯವರೇ, ಕಾಯಿಲೆ ಹೌದೋ ಅಲ್ಲವೋ ಅಂತ ನಾವ್ಯಾರೂ ಇಲ್ಲಿ ಕೂತು ಹೇಳೋಕಾಗಲ್ಲ. ಆದರೆ ಡಾಕ್ಟರುಗಳು ಏನು ನೋಡ್ತಾರೆ ಅಂತ ಹೇಳಬಹುದು, ಯಾಕೆಂದರೆ ನನ್ನನ್ನೂ ಹಾಗೇ ನೋಡಿದರು. ಆರು ತಿಂಗಳಾದರೂ ಆಗಿದೆಯಾ, ಬಹುಪಾಲು ದಿನ ಇರುತ್ತಾ, ಒಂದೇ ವಿಷಯಕ್ಕಾ ಅಥವಾ ಕೆಲಸ, ಮನೆ, ಆರೋಗ್ಯ ಅಂತ ಸಿಕ್ಕಿದ್ದಕ್ಕೆಲ್ಲಾ ಹಬ್ಬುತ್ತಾ, ನಿಲ್ಲಿಸು ಅಂದರೆ ನಿಲ್ಲುತ್ತಾ. ಜೊತೆಗೆ ನಿದ್ದೆ ಕೆಡೋದು, ಮೈ ಬಿಗಿಯೋದು, ಬೇಗ ಸುಸ್ತಾಗೋದು, ಸಿಡಿಮಿಡಿ, ಗಮನ ನಿಲ್ಲದೇ ಇರೋದು. ಎಲ್ಲಕ್ಕಿಂತ ಮುಖ್ಯ ಅಂದರೆ ಬದುಕಿಗೆ ಅಡ್ಡ ಬರ್ತಿದೆಯಾ ಅನ್ನೋದು. ಪರೀಕ್ಷೆ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಅದು ಬೇರೆ ಮಾತು. ರಜೆ ತಾರೀಖಿಗೆ ಇಡೀ ರಾತ್ರಿ ಹೋಗೋದು, ಅದೂ ವರ್ಷದಿಂದ ಹೋಗ್ತಾ ಇರೋದು ಬೇರೆ.

ಆತಂಕ ಎಷ್ಟಿದೆ ಅಂತ ಅಳೆಯೋಕೆ ಜಿಎಡಿ-7 ಅಂತ ಒಂದು ಪ್ರಶ್ನಾವಳಿ ಇದೆ, 2006ರಿಂದ ಬಳಕೆಯಲ್ಲಿದೆ. ಬರೀ ಏಳು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಒಂದೊಂದಕ್ಕೂ 0ಯಿಂದ 3, ಒಟ್ಟು 21. ಹತ್ತು ಅಥವಾ ಜಾಸ್ತಿ ಬಂದರೆ ಸರಿಯಾಗಿ ತೋರಿಸಿಕೊಳ್ಳಿ ಅಂತ ಲೆಕ್ಕ. ಅದೇ ರೋಗನಿರ್ಣಯ ಅಲ್ಲ, ಆದರೆ ಡಾಕ್ಟರ್ ಮುಂದೆ ಕೂತಾಗ ಮಾತು ಎಲ್ಲಿಂದ ಶುರು ಮಾಡೋದು ಅಂತ ತಡಬಡಾಯಿಸೋದು ತಪ್ಪುತ್ತೆ. ನಾನು ಮೊದಲ ಸಲ ತುಂಬಿದಾಗ 16 ಬಂದಿತ್ತು. ಆ ಅಂಕಿ ನೋಡಿ ಭಯವಾಗೋ ಬದಲು ಸಮಾಧಾನ ಆಯಿತು, ನಾನು ಸುಮ್ನೆ ನಾಟಕ ಆಡ್ತಿಲ್ಲ ಅಂತ.

ಇನ್ನೊಂದು ಮಾತು, ಇಸಿಜಿ ಜೊತೆ ಥೈರಾಯ್ಡ್ ನೋಡಿದ್ದಾರಾ? ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಎದೆ ಹೊಡೆದುಕೊಳ್ಳುತ್ತೆ, ಕೈ ನಡುಗುತ್ತೆ, ನಿದ್ದೆ ಹೋಗುತ್ತೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಮಾಡಿಸಿಬಿಡಿ.

ಮೋಡ

ನಿಮ್ಮ ಪೋಸ್ಟಿನಲ್ಲಿ ನನಗೆ ಕಂಡಿದ್ದು ಮೆಸೇಜ್ ಅಲ್ಲ, "ಹತ್ತರವರೆಗೂ ಹುಡುಕುತ್ತಾ ಕೂತೆ" ಅಂದಿದ್ದೀರಲ್ಲ, ಅದು.

ನಂದು ಬಾಗಿಲಿನ ಚಿಲಕ. ಮನೆಯಿಂದ ಹೊರಟು ಮೆಟ್ಟಿಲು ಇಳಿದ ಮೇಲೆ, ಹಾಕಿದೆನಾ ಇಲ್ಲವಾ ಅಂತ ಒಂದು ಚುಚ್ಚು. ವಾಪಸ್ ಹತ್ತಿ ಹಿಡಿಕೆ ಜಗ್ಗಿ ನೋಡ್ತಿದ್ದೆ. ಹಾಕಿರ್ತಿತ್ತು. ಆಹಾ, ಎಂಥ ನೆಮ್ಮದಿ! ಆ ನೆಮ್ಮದಿಯೇ ಮೋಸ. ಜಗ್ಗಿ ನೋಡಿದ್ದಕ್ಕೇ ಬಚಾವಾದೆ ಅಂತ ತಲೆ ಕಲಿತುಬಿಡುತ್ತೆ, ಮಾರನೇ ದಿನ ಎರಡು ಸಲ ಜಗ್ಗಬೇಕಾಗುತ್ತೆ, ಮುಂದಿನ ತಿಂಗಳು ಫೋಟೋ ತೆಗೆದು ಇಟ್ಟುಕೊಳ್ಳಬೇಕಾಗುತ್ತೆ, ಕೊನೆಗೆ ಆ ಫೋಟೋ ಇವತ್ತಿನದಾ ನಿನ್ನೆಯದಾ ಅಂತ ಅನುಮಾನ. ನಿಜವಾಗಲೂ ಆ ಹಂತಕ್ಕೆ ಹೋಗಿದ್ದೆ. ನನ್ನ ಫೋನಿನಲ್ಲಿ ಚಿಲಕದ ನಲವತ್ತು ಫೋಟೋ ಇದ್ದವು, ಮಗಳು ನೋಡಿ ಇದೇನಮ್ಮಾ ಅಂದಳು.

ಕೌನ್ಸೆಲಿಂಗ್‌ನಲ್ಲಿ ನನಗೆ ಮಾಡಿಸಿದ್ದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಯನ್ನು ಬದಲಿಸೋ ಮಾತಿನ ಚಿಕಿತ್ಸೆ. ಅಲ್ಲಿ ಮೊದಲು ಕೊಟ್ಟ ಕೆಲಸ, ಒಂದೇ ಸಲ ಬೀಗ ಹಾಕಿ ನಡೆದುಬಿಡಿ, ಎದೆ ಎಷ್ಟು ಹೊಡೆದುಕೊಂಡರೂ ತಿರುಗಬೇಡಿ, ಹತ್ತರಲ್ಲಿ ಎಷ್ಟು ಗಾಬರಿ ಅಂತ ಬರೆದಿಡಿ. ಮೊದಲ ದಿನ 9. ಬಸ್ಸಿನಲ್ಲಿ ಕೂತು ಬೆವರುತ್ತಿದ್ದೆ. ಇಪ್ಪತ್ತು ನಿಮಿಷ ಆದ ಮೇಲೆ 6, ಕೆಲಸಕ್ಕೆ ಕೂತ ಮೇಲೆ ಮರೆತೇ ಹೋಗಿತ್ತು. ನಾನೇನೂ ಮಾಡಲಿಲ್ಲ, ತಾನಾಗೇ ಇಳಿಯಿತು. ಅದು ತಾನಾಗೇ ಇಳಿಯುತ್ತೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಇಳಿಯೋಕೆ ನಾನು ಯಾವತ್ತೂ ಬಿಟ್ಟಿರಲಿಲ್ಲ. ಮೂರನೇ ವಾರಕ್ಕೆ ಶುರುವೇ 4ಕ್ಕೆ ಬಂತು.

ನಿಮ್ಮದು ಮೇಲ್. ಐದು ಸಲ ಓದೋರು ಈ ವಾರ ಎರಡು ಸಲ ಓದಿ. ಒಂದೇ ಏಟಿಗೆ ಸೊನ್ನೆ ಮಾಡೋಕೆ ಹೋಗಬೇಡಿ, ಮೊದಲೆರಡು ದಿನ ಜಾಸ್ತಿ ಅನ್ನಿಸುತ್ತೆ, ಬಿಟ್ಟುಬಿಡ್ತೀರಿ.

ಉಸಿರುಗಾರ

ಎದೆ ಹೊಡೆದುಕೊಳ್ಳೋದರ ಬಗ್ಗೆ ಸ್ವಲ್ಪ. ಗಾಬರಿಯಾದಾಗ ಮೈ ಅಡ್ರಿನಲಿನ್ ಸುರಿಯುತ್ತೆ, ಓಡು ಇಲ್ಲ ಹೊಡೆದಾಡು ಅಂತ. ರಕ್ತ ದೊಡ್ಡ ಮಾಂಸಖಂಡಗಳ ಕಡೆ ಹೋಗುತ್ತೆ, ಅದಕ್ಕೇ ಬೆರಳು ತಣ್ಣಗಾಗೋದು. ಓಡೋಕೆ ತಯಾರಾದ ಮೈ ಕುರ್ಚಿಯಲ್ಲಿ ಕೂತಿರುತ್ತೆ, ಅಲ್ವಾ, ಅದೇ ತೊಂದರೆ. ಉಸಿರು ಜೋರಾದಾಗ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗಿಬಿಡುತ್ತೆ. ತಲೆ ಹಗುರಾಗೋದು, ತುಟಿ ಬೆರಳು ಜುಮುಜುಮು ಅನ್ನೋದು ಅದಕ್ಕೆ. ಉಸಿರು ಸಾಲ್ತಿಲ್ಲ ಅನ್ನಿಸುತ್ತೆ, ಆದರೆ ನಡೀತಿರೋದು ಉಲ್ಟಾ. ಅದಕ್ಕೇ ದೊಡ್ಡದಾಗಿ ಉಸಿರು ಎಳ್ಕೊಳ್ಳಿ ಅನ್ನೋ ಸಲಹೆ ಕೆಟ್ಟದ್ದು. ಮೂಗಿನಿಂದ ನಾಲ್ಕು ಎಣಿಸುವಷ್ಟು ಮೆಲ್ಲಗೆ ಒಳಗೆ, ಆರು ಎಣಿಸುವಷ್ಟು ನಿಧಾನ ಹೊರಗೆ. ಐದು ನಿಮಿಷ. ಗಾಬರಿ ಇಲ್ಲದಾಗ ದಿನಾ ಅಭ್ಯಾಸ ಮಾಡಿ, ಬೆಂಕಿ ಬಿದ್ದಾಗ ಬಾವಿ ತೋಡೋಕೆ ಹೋಗಬೇಡಿ.

ಕಾಫಿ ಎಷ್ಟು? ಸಂಜೆ ನಾಲ್ಕಕ್ಕೆ ಕುಡಿದ ಕೆಫೀನಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ರಾತ್ರಿ ಒಂಬತ್ತಕ್ಕೂ ಮೈಯಲ್ಲೇ ಇರುತ್ತೆ.

ಮತ್ತೆ ಇದನ್ನೂ ಹೇಳಲೇಬೇಕು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಮೇಲೆ ಭಾರ ಇಟ್ಟ ಹಾಗೆ ನೋವು ಬಂದು ಕೈಗೋ ದವಡೆಗೋ ಹರಿದರೆ, ತಲೆ ತಿರುಗಿ ಬಿದ್ದರೆ, ಇದು ಆಂಗ್ಸೈಟಿನೇ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮಧ್ಯರಾತ್ರಿ

ಉಸಿರುಗಾರರ ಮಾತು ಸರಿ, ಆದರೆ ನನ್ನ ವಿಷಯದಲ್ಲಿ ಉಸಿರಾಟವೇ ತಿರುಗುಬಾಣ ಆಯಿತು. ನನಗೆ ಬರುತ್ತಿದ್ದದ್ದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದ ಹಾಗೆ ಉಕ್ಕಿ ಬರೋ ವಿಪರೀತ ಗಾಬರಿ, ಹೆಚ್ಚಾಗಿ ಲಿಫ್ಟಿನಲ್ಲಿ. ನಾಲ್ಕು, ಆರು ಅಂತ ಎಣಿಸುತ್ತಾ, ಇಳೀತಾ ಇಳೀತಾ ಅಂತ ಒಳಗೇ ಕಾವಲು ಕೂತಿರ್ತಿದ್ದೆ. ಚಿಲಕ ಜಗ್ಗೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಕೊನೆಗೆ ಕೆಲಸಕ್ಕೆ ಬಂದಿದ್ದು ಎದುರು ಹಾಕಿಕೊಳ್ಳದೇ ಇರೋದು. ಬಂತಾ, ಬಾ, ಎಷ್ಟು ಹೊಡ್ಕೋತೀಯೋ ಹೊಡ್ಕೋ ಅಂತ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತೆ, ಇದು ತಿಳಿದಿದ್ದೇ ಅರ್ಧ ಧೈರ್ಯ. ಎಂಟು ತಿಂಗಳು ಮೆಟ್ಟಿಲು ಹತ್ತಿದ್ದೆ, ಏಳನೇ ಮಹಡಿಗೆ. ಎಲ್ಲರೂ ಏನು ಫಿಟ್ನೆಸ್ ಮಾರಾಯಾ ಅಂತಿದ್ದರು!

ಮಾತ್ರೆ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ಮನೋವೈದ್ಯರು ನನಗೆ ಎಸ್‌ಎಸ್‌ಆರ್‌ಐ ಗುಂಪಿನದು ಕೊಟ್ಟರು, ಖಿನ್ನತೆಗೂ ಆತಂಕಕ್ಕೂ ಕೊಡೋ ಮಾತ್ರೆ. ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಗಾಬರಿ ಸ್ವಲ್ಪ ಜಾಸ್ತಿಯೂ ಆಗಬಹುದು, ಇದನ್ನು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಚೆನ್ನಾಗಾಯಿತು ಅಂತ ನೀವೇ ನಿಲ್ಲಿಸಬಾರದು, ಅವರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಅಲ್ಪ್ರಜೋಲಾಮ್ ಥರದ್ದು ಬೇರೆ ಜಾತಿ, ಅರ್ಧ ಗಂಟೆ ಒಂದು ಗಂಟೆಯಲ್ಲಿ ಹಾಯೆನಿಸುತ್ತೆ, ಅದಕ್ಕೇ ಅಭ್ಯಾಸ ಆಗಿಬಿಡುತ್ತೆ. ಪಕ್ಕದ ಸೀಟಿನವರು ಒಂದು ಕೊಟ್ಟರು ಅಂತ ದಯವಿಟ್ಟು ನುಂಗಬೇಡಿ.

ಎರಡು ಲೋಟ

ನಾನು ಈ ಕಡೆಯವಳಲ್ಲ, ಆ ಕಡೆಯವಳು. ಆತಂಕ ಇರೋದು ನನ್ನ ಯಜಮಾನರಿಗೆ. ದಿನಕ್ಕೆ ಇಪ್ಪತ್ತು ಸಲ "ಏನೂ ಆಗಲ್ಲ ಅಲ್ವಾ?" ಅಂತ ಕೇಳ್ತಿದ್ದರು. ಏನೂ ಆಗಲ್ಲ ರೀ ಅಂತ ನಾನು. ಹತ್ತು ನಿಮಿಷಕ್ಕೆ ಮತ್ತೆ. ಪ್ರೀತಿಯಿಂದಲೇ ಶುರು ಮಾಡಿದ್ದೆ, ಒಂದು ದಿನ ರೇಗಿ ಆಗುತ್ತೆ, ಎಲ್ಲಾ ಆಗುತ್ತೆ ಅಂತ ಕೂಗಿಬಿಟ್ಟೆ. ಅವತ್ತು ಅವರ ಮುಖ ನೋಡೋಕಾಗಲಿಲ್ಲ.

ಮೇಲೆ ಚಿಲಕದ ಕಥೆ ಓದಿದಾಗ ಗೊತ್ತಾಯಿತು, ನಾನೇ ಆ ಚಿಲಕ. ಈಗ ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ. ಸಂಜೆ ಆರರಿಂದ ಆರು ಇಪ್ಪತ್ತು ಚಿಂತೆಯ ಹೊತ್ತು. ಹಗಲಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕೋದು, ಆರಕ್ಕೆ ತೆಗೆದು ಓದೋದು. ಇದು ನಮ್ಮ ತಲೆಯಿಂದ ಬಂದಿದ್ದಲ್ಲ, ಬೊರ್ಕೊವೆಕ್ ಅನ್ನುವ ಸಂಶೋಧಕರು ಮತ್ತು ಜೊತೆಯವರು 1983ರಲ್ಲೇ ಪ್ರಯೋಗ ಮಾಡಿ ನೋಡಿದ ಉಪಾಯವಂತೆ, ಕೌನ್ಸೆಲರ್ ಹೇಳಿದ್ದು. ಚೀಟಿಗಳಲ್ಲಿ ಅರ್ಧದಷ್ಟನ್ನು ಆರಕ್ಕೆ ಓದುವಾಗ ಅವರಿಗೇ "ಇದೇನು ಬರ್ದೆ ನಾನು" ಅನ್ನಿಸುತ್ತೆ. ಉಳಿದರ್ಧ ನಿಜವಾದ ಚಿಂತೆ, ಅದಕ್ಕೆ ನಾಳೆ ಏನು ಮಾಡೋದು ಅಂತ ಮಾತಾಡ್ತೇವೆ. ಕೆಲವು ದಿನ ಮರೆತುಹೋಗುತ್ತೆ, ಕೆಲವು ದಿನ ಜಗಳವಾಗುತ್ತೆ.

ಹಗಲಲ್ಲಿ ಕೇಳಿದರೆ ನಾನು ಏನೂ ಆಗಲ್ಲ ಅನ್ನಲ್ಲ. "ಗಾಬರಿ ಆಗ್ತಿದೆಯಾ? ಚೀಟಿ ಬರೀರಿ, ನಾನಿಲ್ಲೇ ಇದ್ದೀನಿ" ಅಂತೀನಿ. ಮೊದಮೊದಲು ಕೋಪ ಮಾಡ್ಕೊಂಡರು.

ಖಾಲಿ ಕುರ್ಚಿ

ಎಲ್ಲಾ ಓದಿದೆ. ಮೇಲೆ ಉಡಾಫೆಯಾಗಿ ಬರೆದಿದ್ದೆ, ಸಾರಿ. ಒಂದು ಕೇಳಬೇಕಿತ್ತು, ಫೋನ್ ರಿಂಗ್ ಆದರೆ ಎತ್ತದೇ ಇದ್ದು, ನಿಂತ ಮೇಲೆ ಬಿಜಿ ಇದ್ದೆ ಅಂತ ಮೆಸೇಜ್ ಹಾಕೋದು, ಇದೂ ಇದರಲ್ಲೇ ಬರುತ್ತಾ?

ಮೋಡ

ಎಷ್ಟು ದಿನದಿಂದ ಹಾಗೆ ಮಾಡ್ತಿದ್ದೀರಿ? ಇಲ್ಲಿ ಬರೆಯೋಕೆ ಇಷ್ಟ ಇಲ್ಲದಿದ್ದರೆ ಬೇಡ, ಜಿಎಡಿ-7 ಮೊದಲು ತುಂಬಿ ನೋಡಿ. ಮತ್ತೆ ಹೌದು, ತಪ್ಪಿಸಿಕೊಳ್ಳೋದೂ ಚಿಲಕ ಜಗ್ಗೋ ಜಾತಿಯದೇ. ಎತ್ತದೇ ಇದ್ದಾಗ ಹಗುರ ಅನ್ನಿಸುತ್ತಲ್ಲ, ಮೋಸ ಅಲ್ಲೇ ಇರೋದು.

ನಿದ್ದೆಗೇಡಿ

ಹತ್ತು ದಿನ ಬಿಟ್ಟು ಬರೀತಿದ್ದೇನೆ. ಎಲ್ಲರಿಗೂ ಒಟ್ಟಿಗೆ.

ಪ್ರಶ್ನಾವಳಿ ತುಂಬಿದೆ, 13. ಥೈರಾಯ್ಡ್ ಸರಿ ಇದೆ. ಮುಂದಿನ ಮಂಗಳವಾರ ಮನೋವೈದ್ಯರ ಹತ್ತಿರ ಹೋಗ್ತಿದ್ದೇನೆ, ಈ ಸಲ ಹೇಗೆ ಅಂತ ಕೇಳ್ತೇನೆ. ಅಲ್ಲಿಗೆ ಹೋಗೋಕೂ ಗಾಬರಿ ಇದೆ, ಅದು ಬೇರೆ ವಿಷಯ.

ಮೇಲ್ ಎರಡೇ ಸಲ ಓದೋದು ಅಂತ ಶುರು ಮಾಡಿದೆ. ಮೊದಲ ದಿನ ಬಾತ್‌ರೂಮಿಗೆ ಫೋನ್ ತಗೊಂಡು ಹೋಗಿ ಮೂರನೇ ಸಲ ಓದಿದೆ, ಕದ್ದು ಓದೋದು ಲೆಕ್ಕಕ್ಕಿಲ್ಲ ಅಂತ. ಎರಡನೇ ದಿನ ಓದಲಿಲ್ಲ. ನಿನ್ನೆ ಕಳಿಸಿದ ಒಂದು ಮೇಲಿನಲ್ಲಿ ನಿಜವಾಗಲೂ ತಪ್ಪಿತ್ತು, ಒಂದು ಅಂಕಿ ಅದಲು ಬದಲು. ಎದುರಿನವರು "ಇದು 69 ಅಲ್ವಾ?" ಅಂತ ಬರೆದರು. ಹೌದು, ತಿದ್ದಿದೆ ಅಂತ ಬರೆದೆ. ಅವರು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದರು. ಹೆಬ್ಬೆರಳು ಅಂದರೆ ಸಿಟ್ಟಾ ಅಂತ ಒಂದು ನಿಮಿಷ ನೋಡಿದೆ, ಆಮೇಲೆ ಚೀಟಿಯಲ್ಲಿ ಬರೆದು ಡ್ರಾಯರಿಗೆ ಹಾಕಿದೆ. ಆರು ಗಂಟೆಗೆ ತೆಗೆಯೋದು ಮರೆತೇ ಹೋಯಿತು.