ಮಗಳನ್ನ ಕಾಲೇಜಿನ ಇಒಪಿಎಸ್‌ಗೆ ಸೇರಿಸಬೇಕಾ? (ಕ್ಯಾಲಿಫೋರ್ನಿಯಾ)

ದಾವಣಗೆರೆಯವ
ಎಲ್ಲರಿಗೂ ನಮಸ್ಕಾರ. ಅಕ್ಕ ಕರೆಸಿಕೊಂಡು ನಾವು ಗ್ರೀನ್ ಕಾರ್ಡ್ ಮೇಲೆ ಬಂದು ಎರಡು ವರ್ಷ ಆಯ್ತು. ನನಗೆ ಗ್ಯಾಸ್ ಸ್ಟೇಷನ್‌ನಲ್ಲಿ ರಾತ್ರಿ ಪಾಳಿ, ಹೆಂಡತಿ ಇಂಡಿಯನ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇಬ್ಬರೂ ಪಿಯುಸಿ ದಾಟಿದವರಲ್ಲ. ಮಗಳು ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜು) ಸೇರಿದ್ದಾಳೆ, ನರ್ಸ್ ಆಗಬೇಕಂತೆ. ಕೆಮಿಸ್ಟ್ರಿ ಕ್ಲಾಸ್ ತಗೊಳ್ಳೋಕೆ ಹೋದರೆ ಆಗಲೇ ತುಂಬಿ ಹೋಗಿತ್ತು, ಒಂದು ಸೆಮಿಸ್ಟರ್ ಸುಮ್ನೆ ಹೋಯ್ತು. ಈಗ ಇಒಪಿಎಸ್‌ಗೆ ಅರ್ಜಿ ಹಾಕಿ ಅಂತ ಮೇಲ್ ಬಂದಿದೆ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಓದೋಕೆ ನೆರವು ಕೊಡುವ ಕಾರ್ಯಕ್ರಮವಂತೆ. ಅವಳು "ಬೇಡಪ್ಪ, ಅದು ದಡ್ಡರಿಗೆ" ಅಂತಾಳೆ. ನನಗೂ ಯಾರ ಮುಂದೆಯೋ ಕೈ ಚಾಚಿದ ಹಾಗೆ ಅನ್ನಿಸುತ್ತಿದೆ. ಏನು ಮಾಡಲಿ?

ಬೇ ಏರಿಯಾ ಹುಡುಗಿ
ಅಂಕಲ್, ದಯವಿಟ್ಟು ಹಾಕಿಸಿ. ನಾನು ಅದರಲ್ಲೇ ಓದಿದವಳು. ಅದು ದಡ್ಡರಿಗಲ್ಲ, 1969ರಿಂದ ಇರುವ ರಾಜ್ಯ ಸರ್ಕಾರದ ಕಾರ್ಯಕ್ರಮ. ಆದಾಯ ಕಡಿಮೆ ಇರಬೇಕು. ಅಪ್ಪ ಅಮ್ಮ ಕಾಲೇಜು ಓದಿಲ್ಲ, ಮನೆಯಲ್ಲಿ ಇಂಗ್ಲಿಷ್ ಮಾತಾಡಲ್ಲ ಅನ್ನುವುದನ್ನೂ ನೋಡುತ್ತಾರೆ. ಪುಸ್ತಕಕ್ಕೆ ದುಡ್ಡು ಸಿಗುತ್ತೆ. ಅದಕ್ಕಿಂತ ದೊಡ್ಡದು, ಕ್ಲಾಸ್ ಆರಿಸಿಕೊಳ್ಳೋಕೆ ಬೇರೆಯವರಿಗಿಂತ ಮೊದಲೇ ಬಿಡುತ್ತಾರೆ. ನಿಮ್ಮ ಮಗಳ ಕೆಮಿಸ್ಟ್ರಿ ತೊಂದರೆಗೆ ಅದೇ ಮದ್ದು.

ಆದರೆ ನನ್ನನ್ನು ಉಳಿಸಿದ್ದು ಅಲ್ಲಿನ ಕೌನ್ಸೆಲರ್, ಅಂದರೆ ಓದಿನ ಬಗ್ಗೆ ಸಲಹೆ ಕೊಡುವವರು. ಪ್ರತಿ ಸೆಮಿಸ್ಟರ್ ಮೂರು ಸಲ ಹೋಗಿ ಕೂರಲೇಬೇಕು, ಅದು ನಿಯಮ. ನಮ್ಮಂಥ ಮನೆಯ ಮಕ್ಕಳು ಬಾಯಿಬಿಟ್ಟು ಕೇಳಲ್ಲ, ಅಲ್ವಾ? ನಾನು ಗಣಿತದಲ್ಲಿ ಮುಳುಗುತ್ತಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಎರಡನೇ ಭೇಟಿಯಲ್ಲಿ ಅವರು ನನ್ನ ಟೆಸ್ಟ್ ಪೇಪರ್ ಮೇಜಿನ ಮೇಲೆ ಹರಡಿಕೊಂಡು ತಪ್ಪಾದ ಲೆಕ್ಕಗಳಿಗೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಅಲ್ಲಿಂದಲೇ ಟ್ಯೂಟರ್ ಹತ್ತಿರ ಕರೆದುಕೊಂಡು ಹೋದರು. ಕಾಲೇಜಲ್ಲಿ ಟ್ಯೂಟರ್ ಬಿಟ್ಟಿ ಸಿಗುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ಕ್ವೀನ್ಸ್ ಕನ್ನಡಿಗ
ನ್ಯೂಯಾರ್ಕಲ್ಲಿ ಕ್ಯೂನಿ (ನಗರದ ಸರ್ಕಾರಿ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಅಸ್ಯಾಪ್ ಅಂತ ಇಂಥದ್ದೇ ಕಾರ್ಯಕ್ರಮ ಇದೆ, 2007ರಲ್ಲಿ ಶುರುವಾಗಿದ್ದು. ಬಸ್ಸು ರೈಲಿನ ಕಾರ್ಡ್, ಪುಸ್ತಕದ ಖರ್ಚು, ಆಗಾಗ ಭೇಟಿ ಮಾಡಲೇಬೇಕಾದ ಸಲಹೆಗಾರರು. ಲಾಟರಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನು ಸೇರಿಸಿ, ಉಳಿದವರನ್ನು ಸೇರಿಸದೆ ಹೋಲಿಸಿ ನೋಡಿದ್ದಾರೆ. ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಸೇರಿದವರಲ್ಲಿ ಶೇ. 40, ಸೇರದವರಲ್ಲಿ ಶೇ. 22. ಬುದ್ಧಿ ಅದೇ, ಆಸರೆ ಒಂದೇ ಜಾಸ್ತಿ. ಒಂದು ಮಾತು, ಪೂರ್ತಿ ಹೊರೆ ಕ್ಲಾಸ್ ತಗೊಳ್ಳಬೇಕು. ಕೆಲಸಕ್ಕೆ ಹೋಗುವ ಮಕ್ಕಳಿಗೆ ಅದು ಕಷ್ಟವೇ.

ದಾವಣಗೆರೆಯವ
ಓದಿ ಕಣ್ಣು ತುಂಬಿ ಬಂತು. ನಾಳೆ ಪಾಳಿ ಮುಗಿಸಿ ನಾನೇ ಅವಳ ಜೊತೆ ಆಫೀಸಿಗೆ ಹೋಗಲಾ?

ಬೇ ಏರಿಯಾ ಹುಡುಗಿ
ಬಾಗಿಲ ತನಕ ಹೋಗಿ ಅಂಕಲ್, ಒಳಗೆ ಅವಳೇ ಮಾತಾಡಲಿ. ಅವಳು ಬರೆದುಕೊಡದೆ ಸಾಮಾನ್ಯವಾಗಿ ಅಪ್ಪನಿಗೂ ಅವಳ ಮಾರ್ಕ್ಸ್ ಹೇಳಲ್ಲ, ಇಲ್ಲಿನ ಕಾನೂನೇ ಹಾಗೆ. ಇಲ್ಲಿಯೂ ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಯೂನಿಟ್, ಅಂದರೆ ಪೂರ್ತಿ ಹೊರೆ ಕ್ಲಾಸ್ ಬೇಕು, ಈಗಲೇ ನೋಡಿಕೊಳ್ಳಿ. ಫಾಫ್ಸಾ (ಓದಿಗೆ ಕೇಂದ್ರ ಸರ್ಕಾರದ ಹಣದ ನೆರವು ಕೇಳುವ ಅರ್ಜಿ) ತುಂಬಿಲ್ಲದಿದ್ದರೆ ಇವತ್ತೇ ಕೂತು ತುಂಬಿಸಿ, ಟ್ಯಾಕ್ಸ್ ಕಾಗದ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಅವಳಿಗೆ ಭಯ ಇದ್ದರೆ ನನಗೆ ಮೆಸೇಜ್ ಮಾಡಲಿ, ನಾನು ಮಾತಾಡುತ್ತೇನೆ.